ಕುತ್ತಿಗೆಯ ಗಂಟಿಗೆ ಹೆಸರು ಸಿಗುವವರೆಗೆ

ಡಿಸೆಂಬರ್ ಎರಡನೇ ವಾರ. ಕೊಡಗಿನ ನಮ್ಮ ಶನಿವಾರಸಂತೆ ಕಡೆ ಅರೇಬಿಕಾ ಕಾಫಿ ಕೊಯ್ಲಿನ ಗಡಿಬಿಡಿ. ಸಂಜೆ ಹಣ್ಣು ತೂಗಿಸಿ ಕೆಲಸದವರ ಲೆಕ್ಕ ಬರೆಯುವುದು ನನ್ನ ಪಾಲಿನ ಕೆಲಸ. ಒಂದಿನ ಹಾಗೆ ತಲೆ ಬಗ್ಗಿಸಿ ಬರೆಯುತ್ತಿದ್ದಾಗ ಕುತ್ತಿಗೆಯ ಎಡಗಡೆ, ಸ್ವಲ್ಪ ಹಿಂದಕ್ಕೆ ಏನೋ ಒತ್ತಿದ ಹಾಗಾಯಿತು. ಮುಟ್ಟಿ ನೋಡಿದರೆ ಮೂರು ಗಂಟು. ಎರಡು ಕಾಫಿ ಹಣ್ಣಿನಷ್ಟು, ಒಂದು ನೆಲ್ಲಿಕಾಯಿಯಷ್ಟು. ಒತ್ತಿದರೆ ನೋವು.

"ಹುಳ ಮುಟ್ಟಿರಬೇಕು ಕಣೇ" ಅಂದರು ಅಜ್ಜಿ. ಸುಣ್ಣ, ಅರಿಸಿನ ಕಲಸಿ ಹಚ್ಚಿದರು. ಒಂದು ವಾರ ಕೆಂಪು ಕುತ್ತಿಗೆ ಇಟ್ಟುಕೊಂಡೇ ಲೆಕ್ಕ ಬರೆದೆ. ಆಮೇಲೆ ದಿನಾ ಸಂಜೆ ಜ್ವರ ಬರಲು ಶುರುವಾಯಿತು. 101, ಒಮ್ಮೊಮ್ಮೆ 102. ಡಿಸೆಂಬರ್ ಚಳಿಯಲ್ಲೂ ರಾತ್ರಿ ಬೆವರಿ ದಿಂಬು ಒದ್ದೆ.

ಡಾಕ್ಟರ್ ಹತ್ತಿರ ಹೋದೆ. ಬೆಕ್ಕು ಪರಚಿದೆಯಾ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತಾ ಅಂತ ಕೇಳಿದರು. ಒಂದು ವಾರದ ಆಂಟಿಬಯೋಟಿಕ್ ಮುಗಿಸಿದೆ, ಜ್ವರ ಇಳಿಯಲಿಲ್ಲ. ಸೂಜಿ ಹಾಕಿ ಪರೀಕ್ಷೆ ಮಾಡಿಸಿದರು. ಸತ್ತ ಜೀವಕೋಶಗಳ ರಾಶಿ ಕಂಡಿದೆ, ಟಿಬಿ ಇರಬಹುದು ಅಂತ ವರದಿ ಬಂತು. ಆ "ಇರಬಹುದು" ಮೇಜಿನ ಆ ಕಡೆಯಿಂದ ಈ ಕಡೆ ಬರುವಷ್ಟರಲ್ಲಿ "ಇದೆ" ಆಗಿತ್ತು. ಆರು ತಿಂಗಳ ಮಾತ್ರೆ ಬರೆದು ಕೊಟ್ಟರು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಕುತ್ತಿಗೆಯಲ್ಲಿ ಗಂಟು ಬಂದು ವಾರಗಟ್ಟಲೆ ಹೋಗದಿದ್ದರೆ ಮೊದಲು ಟಿಬಿ ನೆನಪಾಗುವುದು ಸರಿಯೇ. ಹಳಬರು ಗಂಡಮಾಲೆ ಅನ್ನುತ್ತಿದ್ದದ್ದೂ ಹೆಚ್ಚಾಗಿ ಇದನ್ನೇ. ಆದರೆ ನನ್ನ ವರದಿಯಲ್ಲಿ ಟಿಬಿ ಕ್ರಿಮಿ ಕಂಡಿರಲಿಲ್ಲ. ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆಯೂ ನೆಗೆಟಿವ್. ನನ್ನ ತಕರಾರು ಇಷ್ಟೇ.

ಹತ್ತೊಂಬತ್ತು ದಿನ ಮಾತ್ರೆ ನುಂಗಿದೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಮ್ಮ ನನ್ನ ತಟ್ಟೆ, ಲೋಟ ಬೇರೆ ಇಟ್ಟರು. ಶ್ವಾಸಕೋಶದ ಟಿಬಿ ಹರಡುವ ಹಾಗೆ ಕುತ್ತಿಗೆಯ ಗಂಟಿನದು ಹರಡುವುದಿಲ್ಲ, ತಟ್ಟೆ ಲೋಟದಿಂದಂತೂ ಇಲ್ಲವೇ ಇಲ್ಲ ಅಂತ ಹೇಳಿದರೂ ಕೇಳಲಿಲ್ಲ. ಜ್ವರ ಮಾತ್ರ ತನ್ನ ಪಾಡಿಗೆ ತಾನು ಬರುತ್ತಲೇ ಇತ್ತು.

ಮೈಸೂರಿನಲ್ಲಿ ನರ್ಸ್ ಆಗಿರುವ ಚಿಕ್ಕಪ್ಪನ ಮಗಳು ಫೋನ್ ಮಾಡಿದಳು. "ಅಕ್ಕಾ, ಇನ್ನೊಂದು ಸಲ ಸೂಜಿ ಬೇಡ. ಗಂಟನ್ನೇ ಇಡಿಯಾಗಿ ತೆಗೆಸು" ಅಂದಳು. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಹೋದೆವು. ಕುತ್ತಿಗೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ದೊಡ್ಡ ಗಂಟನ್ನು ತೆಗೆದರು. ಅದರಲ್ಲಿ ಒಂದು ಭಾಗ ತುಂಡು ಕೆಡದಂತೆ ಇಡುವ ಫಾರ್ಮಲಿನ್ ಬಾಟಲಿಗೆ, ಇನ್ನೊಂದು ಭಾಗ ಸಲೈನ್ ಬಾಟಲಿಗೆ. ಫಾರ್ಮಲಿನ್‌ಗೆ ಬಿದ್ದರೆ ಕ್ರಿಮಿ ಸತ್ತುಹೋಗುತ್ತದೆ, ಆಮೇಲೆ ಟಿಬಿ ಕಲ್ಚರ್, ಅಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ, ಮಾಡಲು ಬರುವುದಿಲ್ಲವಂತೆ.

ಇಡೀ ಗಂಟು ಯಾಕೆ ಬೇಕು ಅಂತ ನನಗೆ ಅರ್ಥವಾದದ್ದು ತೋಟದ ಲೆಕ್ಕದಲ್ಲಿ. ಒಂದು ಹಿಡಿ ಮಣ್ಣು ತಂದು ಕೊಟ್ಟರೆ ಗಿಡದ ಸಾಲು ಎಲ್ಲಿ, ನೆರಳಿನ ಮರ ಎಲ್ಲಿ ಅಂತ ಯಾರು ಹೇಳಿಯಾರು? ಸೂಜಿಯಲ್ಲಿ ಬರುವುದು ಆ ಹಿಡಿ ಮಣ್ಣು.

ವರದಿಗೆ ಹನ್ನೊಂದು ದಿನ ಹಿಡಿಯಿತು. ಲಿಂಫೋಮಾ, ಅಂದರೆ ಕ್ಯಾನ್ಸರ್, ಅಲ್ಲ ಅಂತ ಖಚಿತ ಮಾಡಿಕೊಳ್ಳಲು ತುಂಡಿಗೆ ಬೇರೆ ಬೇರೆ ಬಣ್ಣ ಹಾಕಿ ನೋಡುವ ಪರೀಕ್ಷೆ ಇನ್ನಷ್ಟು ಬೇಕು ಅಂದರು. ಆ ಹನ್ನೊಂದು ದಿನದ ಬಗ್ಗೆ ಬರೆಯುವುದಿಲ್ಲ.

ಕೊನೆಗೆ ಬಂದ ಹೆಸರು ಕಿಕುಚಿ-ಫುಜಿಮೋಟೊ ಕಾಯಿಲೆ. 1972ರಲ್ಲಿ ಜಪಾನಿನಲ್ಲಿ ಕಿಕುಚಿ ಮತ್ತು ಫುಜಿಮೋಟೊ ಬೇರೆ ಬೇರೆಯಾಗಿ ಇದನ್ನು ಗುರುತಿಸಿದರು. "ಜಪಾನಿನ ಕಾಯಿಲೆ ಶನಿವಾರಸಂತೆಗೆ ಯಾವ ಬಸ್ಸಲ್ಲಿ ಬಂತು?" ಅಂತ ಅಪ್ಪ ಕೇಳಿದರು. ಡಾಕ್ಟರ್ ನಕ್ಕರು. ಏಷ್ಯಾದವರಲ್ಲಿ ಜಾಸ್ತಿ, ಅದರಲ್ಲೂ ನಲವತ್ತರ ಒಳಗಿನವರಲ್ಲಿ. ಯಾಕೆ ಬರುತ್ತದೆ ಅನ್ನುವುದು ವೈದ್ಯಲೋಕಕ್ಕೇ ಇನ್ನೂ ಗೊತ್ತಾಗಿಲ್ಲ.

ಪೆಥಾಲಜಿ ಡಾಕ್ಟರ್ ನನಗೆ ಸ್ಲೈಡ್ ತೋರಿಸಿದರು. ಗುಲಾಬಿ ನೆಲದ ಮೇಲೆ ಕಾಳುಮೆಣಸು ಪುಡಿ ಚೆಲ್ಲಿದ ಹಾಗಿತ್ತು. ಅದು ಒಡೆದ ಜೀವಕೋಶಗಳ ಧೂಳು. ಸುತ್ತ ಅದನ್ನು ಬಳಿದು ತಿನ್ನುವ ಜೀವಕೋಶಗಳು. ಇಷ್ಟು ಸಾವು ನಡೆದ ಜಾಗದಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಇರಬೇಕಿತ್ತಂತೆ, ಹುಡುಕಿದರೂ ಇಲ್ಲ. ಟಿಬಿಯಲ್ಲಿ ಸಾಮಾನ್ಯವಾಗಿ ಕಾಣುವ ಗ್ರ್ಯಾನುಲೋಮಾ, ಅಂದರೆ ಜೀವಕೋಶಗಳ ಗುಂಪುಗಟ್ಟಿದ ಉಂಡೆ, ಅದೂ ಇಲ್ಲ. ಹೀಗೆ ಇದ್ದದ್ದು, ಇಲ್ಲದ್ದು ಎರಡನ್ನೂ ನೋಡಿ ಹೆಸರು ಹಿಡಿಯುತ್ತಾರೆ. ಲೂಪಸ್, ಅಂದರೆ ರೋಗನಿರೋಧಕ ಶಕ್ತಿ ತನ್ನದೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ, ಬಂದವರ ಗಂಟೂ ಹೀಗೇ ಕಾಣಬಹುದಾದ್ದರಿಂದ ರಕ್ತದಲ್ಲಿ ಅದರ ಸುಳಿವು ಕೊಡುವ ಎಎನ್‌ಎ ನೋಡಿದರು. ನೆಗೆಟಿವ್.

ಅವರ ಅನುಮಾನದ ಪಟ್ಟಿಯಲ್ಲಿ ಕ್ಯಾಸಲ್‌ಮನ್ ಕಾಯಿಲೆಯೂ ಇತ್ತಂತೆ, ಅದೂ ದುಗ್ಧಗ್ರಂಥಿ ಊದುವ ಅಪರೂಪದ ಕಾಯಿಲೆ. ಅದು ಒಂದೇ ಜಾಗದಲ್ಲಿದ್ದರೆ ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಮುಗಿಯುತ್ತದೆ. ಹಲವು ಕಡೆ ಇದ್ದರೆ ದಾರಿಯೇ ಬೇರೆ. ಅಂಥವರಲ್ಲಿ ಕೆಲವರಿಗೆ ಐಎಲ್-6 ಎಂಬ ಪ್ರೋಟೀನನ್ನು ತಡೆಯುವ ಮದ್ದು ಕೊಡುತ್ತಾರೆ. ಹೊರಗಿನಿಂದ ಮುಟ್ಟಿದರೆ ಎಲ್ಲವೂ ಗಂಟೇ, ಅಲ್ವಾ?

ಇಷ್ಟೆಲ್ಲ ಆದಮೇಲೆ ಚಿಕಿತ್ಸೆ ಏನು ಗೊತ್ತಾ? ಟಿಬಿ ಮಾತ್ರೆ ನಿಲ್ಲಿಸಿದರು. ಊಟದ ನಂತರ ನೋವಿನ ಮಾತ್ರೆ, ಜ್ವರ ಬಂದರೆ ಪ್ಯಾರಾಸಿಟಮಾಲ್. ತೀರಾ ಜಾಸ್ತಿಯಾದರೆ ಮಾತ್ರ ಸ್ಟೀರಾಯ್ಡ್, ನನಗೆ ಅದು ಬೇಕಾಗಲಿಲ್ಲ. ಒಂದರಿಂದ ನಾಲ್ಕು ತಿಂಗಳಲ್ಲಿ ತಾನಾಗೇ ಹೋಗುವುದು ಇದರ ಗುಣ. ಮಾರ್ಚ್ ಮಧ್ಯದಲ್ಲಿ ಟಿಬಿ ಕಲ್ಚರ್ ನೆಗೆಟಿವ್ ಅಂತ ಬಂತು. ಹೂಮಳೆ ಬಿದ್ದು ತೋಟ ಬೆಳ್ಳಗಾಗುವ ಹೊತ್ತಿಗೆ ಉಳಿದೆರಡು ಗಂಟೂ ಕೈಗೆ ಸಿಗುತ್ತಿರಲಿಲ್ಲ. ಸುಣ್ಣ ಹಚ್ಚಿದ್ದಕ್ಕೇ ಹೋಯಿತು ಅನ್ನುತ್ತಾರೆ ಅಜ್ಜಿ. ನಾನು ವಾದಕ್ಕೆ ಹೋಗಿಲ್ಲ.

ಅಪರೂಪಕ್ಕೆ ಮತ್ತೆ ಬರುವುದೂ ಉಂಟು. ಮುಂದೆ ಲೂಪಸ್ ಕಾಣಿಸಿಕೊಳ್ಳುವುದೂ ಉಂಟು. ಹಾಗಾಗಿ ಕೀಲು ನೋವು ಬಂದರೆ, ಬಿಸಿಲಿಗೆ ಮುಖ ಕೆಂಪಾದರೆ ತಡಮಾಡದೆ ಬಾ ಅಂದಿದ್ದಾರೆ. ಗಂಟಿನ ತುಂಡು ಕೂರಿಸಿದ ಮೇಣದ ಬ್ಲಾಕನ್ನು ನಾವು ಕೇಳಿ ತಂದೆವು. ಅಪ್ಪ ಅದನ್ನು ಹಳೇ ಮಾತ್ರೆ ಡಬ್ಬಿಯಲ್ಲಿ ಹಾಕಿ, ತೋಟದ ಆರ್‌ಟಿಸಿ ಕಾಗದಗಳ ಪಕ್ಕ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ.