ಕಲಿಸೋರು ಎಲ್ಲಿದ್ದಾರೆ?

ನರ್ಸ್‌ಗಳ ಕೊರತೆ ಅನ್ನೋ ಸುದ್ದಿ ಬಂದಾಗಲೆಲ್ಲ "ಕಾಲೇಜು ತೆರೀರಿ, ಸೀಟು ಹೆಚ್ಚಿಸಿ" ಅನ್ನೋ ಸಲಹೆ ತಯಾರಿರುತ್ತೆ. ಸರಿ, ತೆರೆದೆವು ಅಂತಿಟ್ಕೊಳ್ಳಿ. ಪಾಠ ಹೇಳೋರು?

ಅಂಗರಚನೆಯ ಪಾಠವನ್ನ ದೊಡ್ಡ ಹಾಲ್ ತುಂಬ ಜನರನ್ನ ಕೂರಿಸಿ ಮಾಡಬಹುದು. ವಾರ್ಡಿನ ಕಲಿಕೆ ಹಾಗಲ್ಲ. ವಿದ್ಯಾರ್ಥಿ ಮೊದಲ ಸಲ ರೋಗಿಯ ಕೈಯಲ್ಲಿ ರಕ್ತನಾಳ ಹುಡುಕುವಾಗ, ಔಷಧಿಯ ಡೋಸ್ ಲೆಕ್ಕ ಹಾಕುವಾಗ, ಪಕ್ಕದಲ್ಲಿ ಗೊತ್ತಿರೋರು ಒಬ್ಬರು ನಿಂತಿರಲೇಬೇಕು. ಹಾಗೆ ಒಬ್ಬರು ಎಷ್ಟು ಜನರ ಮೇಲೆ ಕಣ್ಣಿಡಬಹುದು? ಬೆರಳೆಣಿಕೆಯಷ್ಟು. ಅಲ್ಲಿಗೆ ಸೀಟಿನ ಲೆಕ್ಕವೂ ನಿಂತಿತು.

ಕಲಿಸೋಕೆ ಸಾಮಾನ್ಯವಾಗಿ ಸ್ನಾತಕೋತ್ತರ ಪದವಿ ಬೇಕು, ವಾರ್ಡಿನ ಅನುಭವವೂ ಬೇಕು. ಇವೆರಡೂ ಇರೋರಿಗೆ ಎಷ್ಟೋ ಕಡೆ ಆಸ್ಪತ್ರೆಯಲ್ಲೇ ಸಂಬಳ ಜಾಸ್ತಿ. ಮತ್ಯಾಕೆ ಬರ್ತಾರೆ? (ಸೇವಾಮನೋಭಾವ ಅಂತ ಮಾತ್ರ ಹೇಳಬೇಡಿ, ಆ ಹೆಸರಲ್ಲಿ ನರ್ಸ್‌ಗಳಿಂದ ದುಡಿಸಿಕೊಂಡಿದ್ದು ಸಾಕು.)

ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ ಇದ್ದ ನರ್ಸ್‌ಗಳು ಸುಮಾರು 2.98 ಕೋಟಿ, ಕೊರತೆ 58 ಲಕ್ಷ.

ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅಂದರೆ ಎಲ್ಲರಿಗೂ ಕೈಯಲ್ಲಿನ ದೀಪವೇ ನೆನಪು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾದ ಅವರ ತರಬೇತಿ ಶಾಲೆ ಅದಕ್ಕಿಂತ ದೊಡ್ಡ ಕೆಲಸ ಅಂತ ನನಗನ್ನಿಸುತ್ತೆ.

ನರ್ಸಿಂಗ್ ಓದ್ತಿರೋ ಪರಿಚಯದ ಹುಡುಗಿಗೆ "ಮುಂದೆ ಟೀಚಿಂಗ್ ಕಡೆ ಬರ್ತೀಯೇನಮ್ಮ?" ಅಂತ ಕೇಳಿದೆ.

"ಮೊದಲು ಐಸಿಯು ಆಂಟಿ. ಟೀಚಿಂಗ್ ಎಲ್ಲ ಕಾಲು ನೋವು ಬಂದ್ಮೇಲೆ" ಅಂದಳು!