ಹಳೇ ಜೀಪ್ ತಗೊಳ್ಳುವಾಗ ಮೊದಲು ಏನು ನೋಡಬೇಕು?

ನನಗೆ ಹಳೇ ಜೀಪಿನ ಹುಚ್ಚು ಅಂತ ಗೊತ್ತಾಗಿ ಐದು ನಿಮಿಷ ಆಗಿರುವುದಿಲ್ಲ, ಈ ಪ್ರಶ್ನೆ ಬಂದೇ ಬರುತ್ತದೆ. "ನಂಗೂ ಒಂದು ಹಳೇ ಜೀಪ್ ತಗೋಬೇಕು ಅಂತ ತುಂಬಾ ಆಸೆ ಸಾರ್. ಮೊದಲು ಏನು ನೋಡ್ಬೇಕು?" ಕೇಳುವವರು ಸಾಮಾನ್ಯವಾಗಿ ಎಂಜಿನ್ ಬಗ್ಗೆ ಮಾತು ಶುರುವಾಗುತ್ತೆ ಅಂದುಕೊಂಡಿರುತ್ತಾರೆ. ನನ್ನ ಉತ್ತರ ಬೇರೆ. ಮೊದಲು ಪೇಪರ್ ನೋಡಿ. ಆಮೇಲೆ ಚಾಸಿ, ಅಂದರೆ ಗಾಡಿಯ ಅಡಿಯಲ್ಲಿರುವ ಕಬ್ಬಿಣದ ಚೌಕಟ್ಟು. ಎಂಜಿನ್ ಕೊನೆಗೆ. ಬಣ್ಣಕ್ಕಂತೂ ಮರುಳಾಗಲೇಬೇಡಿ.

ಎಂಜಿನ್ ಎಷ್ಟೇ ಕೆಟ್ಟಿರಲಿ, ಬಿಚ್ಚಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿಸಬಹುದು. ಚಾಸಿ ತುಕ್ಕು ತಿಂದಿದ್ದರೆ ಒಳ್ಳೇ ವೆಲ್ಡರ್ ಬೇಕು, ಜಾಸ್ತಿ ದುಡ್ಡು ಬೇಕು, ಆದರೂ ದಾರಿ ಇದೆ. ದಾಖಲೆ ಸರಿಯಿಲ್ಲದ ಜೀಪಿಗೆ ಮಾತ್ರ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ. ಅದನ್ನು ಎಷ್ಟೇ ಚೆಂದ ಮಾಡಿದರೂ ಗೇಟಿನ ಆಚೆ ತರುವ ಹಾಗಿಲ್ಲ.

ಆದ್ದರಿಂದ ಅಡ್ವಾನ್ಸ್ ಕೊಡುವ ಮೊದಲು ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಗಾಡಿಯ ನೋಂದಣಿ ದಾಖಲೆಯ ನಕಲು ತೆಗೆಸಿ. ಈಗ ಯಾರ ಹೆಸರಲ್ಲಿದೆ, ಸಾಲ ತೀರಿದೆಯಾ, ಪೆಟ್ರೋಲ್ ಅಂತ ಇದೆಯಾ ಡೀಸೆಲ್ ಅಂತ ಇದೆಯಾ, ಎಲ್ಲಾ ಅದರಲ್ಲಿ ಗೊತ್ತಾಗುತ್ತದೆ. ಮೈಸೂರು ರಾಜ್ಯದ ಕಾಲದ ಎಂವೈ ನಂಬರಿನ ಗಾಡಿಗಳು ಇನ್ನೂ ಸಿಗುತ್ತವೆ. ಇಂಥ ಎಷ್ಟೋ ಗಾಡಿಗಳ ವಿವರ ಕಂಪ್ಯೂಟರಿಗೆ ಹತ್ತಿರುವುದೇ ಇಲ್ಲ. ಆಗ ಹಳೇ ವಿವರವನ್ನು ಕಂಪ್ಯೂಟರಿಗೆ ಹತ್ತಿಸುವ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಅದನ್ನು ಮಾರುವವರ ಕೈಯಲ್ಲೇ ಮಾಡಿಸಿ. "ತಗೊಂಡ ಮೇಲೆ ನೀವೇ ಮಾಡಿಸ್ಕೊಳ್ಳಿ" ಅಂದರೆ ನಾನಾದರೆ ಎದ್ದು ಬರುತ್ತೇನೆ.

ಇನ್ನು ಚಾಸಿ ಮೇಲೆ ಕೊರೆದಿರುವ ನಂಬರ್. ಜೊತೆಗೆ ಸ್ವಲ್ಪ ಸೀಮೆಎಣ್ಣೆ, ವೈರ್ ಬ್ರಷ್, ಒಂದು ಬಿಳಿ ಹಾಳೆ, ಪೆನ್ಸಿಲ್ ಇಟ್ಟುಕೊಂಡು ಹೋಗಿ. ಗ್ರೀಸ್, ಮಣ್ಣು, ಪೇಂಟ್ ಎಲ್ಲಾ ಉಜ್ಜಿ ತೆಗೆದು ಲೋಹ ಕಾಣುವ ಹಾಗೆ ಮಾಡಿ. ಹಾಳೆ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಒಂದೊಂದೇ ಅಂಕಿಯನ್ನು ಆರ್‌ಸಿ ಜೊತೆ ತಾಳೆ ನೋಡಿ. ಅಷ್ಟಕ್ಕೇ ಬಿಡಬೇಡಿ, ಸುತ್ತಲಿನ ಜಾಗವನ್ನು ಬೆರಳಿಂದ ಸವರಿ. ಅಲ್ಲಿ ಮಾತ್ರ ತಗ್ಗಾಗಿದ್ದರೆ, ಗ್ರೈಂಡರ್ ಗೀರು ಕಂಡರೆ, ಸುತ್ತ ವೆಲ್ಡಿಂಗ್ ಗೆರೆ ಇದ್ದರೆ, ಆ ಗಾಡಿ ಬೇಡ. ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಹಾಗೇ ಗಾಡಿ ಕೆಳಗೆ ಮಲಗಿ, ಚಾಸಿಯ ಹಿಂದಿನ ಕ್ರಾಸ್ ಮೆಂಬರ್ (ಅಡ್ಡಪಟ್ಟಿ) ಮತ್ತು ಕಮಾನು ಪಟ್ಟಿ ಕೂರುವ ಬ್ರಾಕೆಟ್ಟುಗಳನ್ನು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತುಕ್ಕು ಹಿಡಿದದ್ದು ದಬ್ ಅನ್ನುತ್ತದೆ. ಬಾಡಿ ಪರೀಕ್ಷಿಸಲು ಒಂದು ಸಣ್ಣ ಅಯಸ್ಕಾಂತ ಸಾಕು. ಪುಟ್ಟಿ ಮೆತ್ತಿರುವ ಕಡೆ ಅದು ಅಂಟುವುದಿಲ್ಲ. ಮಲೆನಾಡು, ಕರಾವಳಿ ಕಡೆಯ ಗಾಡಿಗಳಲ್ಲಿ ಕಾಲಿಡುವ ಜಾಗದ ತಗಡು ಮೊದಲು ಹೋಗುತ್ತದೆ. ಮ್ಯಾಟ್ ಎತ್ತಿ ನೋಡದೆ ಬರಬೇಡಿ.

"ಇದು ಒರಿಜಿನಲ್ ವಿಲ್ಲೀಸ್, ಯುದ್ಧದ ಕಾಲದ್ದು" ಅಂತ ಹೇಳಿ ಬೆಲೆ ಏರಿಸುವವರು ತುಂಬಾ ಜನ ಇದ್ದಾರೆ. ಎರಡನೇ ಮಹಾಯುದ್ಧಕ್ಕೆ ಅಮೆರಿಕದ ವಿಲ್ಲೀಸ್ ಕಂಪನಿ ಮಾಡಿದ ಎಂಬಿ ಜೀಪ್ ತಯಾರಾದದ್ದು 1941ರಿಂದ 1945ರವರೆಗೆ. ಅದೇ ವಿನ್ಯಾಸದಲ್ಲಿ ಫೋರ್ಡ್ ಕಂಪನಿಯೂ ಜಿಪಿಡಬ್ಲ್ಯೂ ಹೆಸರಲ್ಲಿ ಮಾಡಿತು. ಎರಡಕ್ಕೂ ಸ್ಟಿಯರಿಂಗ್ ಎಡಗಡೆ. ಇವೆರಡರ ವ್ಯತ್ಯಾಸ ಗೊತ್ತಾಗಬೇಕಾದರೆ ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ನೋಡಿ. ವಿಲ್ಲೀಸ್‌ನಲ್ಲಿ ಅದು ಉರುಟು ಪೈಪ್. ಫೋರ್ಡ್‌ನಲ್ಲಿ ಮಗುಚಿ ಹಾಕಿದ ಚಾನಲ್. ಫೋರ್ಡ್ ತನ್ನ ಬೋಲ್ಟುಗಳ ಮೇಲೂ ಎಫ್ ಅಕ್ಷರ ಒತ್ತುತ್ತಿತ್ತು. ತಿಕ್ಕಿ ತೊಳೆದಾಗ ಅಂಥ ಒಂದು ಬೋಲ್ಟ್ ಸಿಕ್ಕಿದರೆ ಎಷ್ಟು ಖುಷಿಯಾಗುತ್ತೆ ಅಂತ ಹೇಳಿ ತಿಳಿಸುವುದು ಕಷ್ಟ.

ನಮ್ಮ ಕಡೆ ತೋಟಗಳಲ್ಲಿ ಜಾಸ್ತಿ ಸಿಗುವುದು ವಿಲ್ಲೀಸ್‌ನದೇ ಮಾದರಿಯಾದ, ಮಹೀಂದ್ರಾ ಜೋಡಿಸಿದ ಸಿಜೆ3ಬಿ. ಬಾನೆಟ್ ಎತ್ತರವಾಗಿ, ಮುಖ ಉದ್ದವಾಗಿ ಕಾಣುತ್ತಲ್ಲ, ಅದೇ. ಸುಮ್ನೆ ಹಾಗೆ ಮಾಡಿದ್ದಲ್ಲ. ಯುದ್ಧದ ಜೀಪಿನ 60 ಅಶ್ವಶಕ್ತಿಯ ಎಂಜಿನ್ ಕುಳ್ಳಗಿತ್ತು. ಆಮೇಲೆ ಬಂದ ಹರಿಕೇನ್ ಎಂಜಿನ್‌ನಲ್ಲಿ ಗಾಳಿ, ಪೆಟ್ರೋಲ್ ಒಳಗೆ ಬಿಡುವ ಇನ್‌ಟೇಕ್ ವಾಲ್ವ್ ಮೇಲಕ್ಕೆ ಹೋಯಿತು, ಎಂಜಿನ್ ಎತ್ತರವಾಯಿತು, ಬಾನೆಟ್ಟೂ ಏರಿತು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಈ ಮಾದರಿ ಇಲ್ಲಿ ಅದಾದ ಮೇಲೂ ವರ್ಷಗಟ್ಟಲೆ ಬಂತು. ಮೊದಲ ಸಲ ಹಳೇ ಜೀಪ್ ತಗೊಳ್ಳುವವರಿಗೆ ನಾನು ಇದನ್ನೇ ಹೇಳುವುದು. ಬಿಡಿಭಾಗ ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಾಳ್ಮೆಯಿಂದ ಹುಡುಕಿದರೆ ಅರ್ಧ ಕೆಲಸ ಆದ ಹಾಗೆ.

ಸಾಕಷ್ಟು ಸಿಜೆ3ಬಿಗಳಿಗೆ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದಾರೆ. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾಫಿ ಮೂಟೆ, ಗೊಬ್ಬರ, ಆಳುಗಳು, ಆಸ್ಪತ್ರೆಗೆ ಹೊರಟ ಬಾಣಂತಿ, ಎಲ್ಲರನ್ನೂ ಹೊತ್ತ ಗಾಡಿ ಅದು. ಪೆಟ್ರೋಲ್ ಖರ್ಚು ತಡೆಯಲಾಗದೆ ಡೀಸೆಲ್‌ಗೆ ಬದಲಾಯಿಸಿ ಅದನ್ನು ಉಳಿಸಿಕೊಂಡರು. ಇಲ್ಲದಿದ್ದರೆ ಎಂದೋ ಗುಜರಿಗೆ ಹೋಗಿರುತ್ತಿತ್ತು, ಅಲ್ವಾ? ಆದರೆ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಿರಬೇಕು. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಅಂತಾದರೆ ಎಫ್‌ಸಿಗೆ (ಫಿಟ್‌ನೆಸ್ ತಪಾಸಣೆಗೆ) ಹೋದ ದಿನವೇ ಸಿಕ್ಕಿಬೀಳುತ್ತೀರಿ.

ವಿಂಟೇಜ್ ನೋಂದಣಿ ಬಗ್ಗೆಯೂ ಕೇಳುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದ ಪ್ರಕಾರ, ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಮೂಲ ರೂಪದಲ್ಲೇ ಇರಬೇಕು. ಹೊಸದಾಗಿ ಮಾಡಿಸಲು 20,000 ರೂಪಾಯಿ, ಹತ್ತು ವರ್ಷ ನಡೆಯುತ್ತದೆ. ಮರು ನೋಂದಣಿಗೆ 5,000. ಕೇಳಲು ಚೆನ್ನಾಗಿದೆ. ಆದರೆ ಹೀಗೆ ನೋಂದಣಿಯಾದ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನ ತುಂಬಿಸುವುದು, ಇಂಥದ್ದಕ್ಕೆ ಮಾತ್ರ. ಊರೂರು ಸುತ್ತುವ ಆಸೆ ಇದ್ದರೆ ಮಾಮೂಲಿ ಆರ್‌ಸಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗಿ. ನನ್ನ ಮಟ್ಟಿಗೆ ಜೀಪ್ ಇರುವುದು ಓಡಿಸಲಿಕ್ಕೆ.

ರಿಪೇರಿಯಲ್ಲಿ ಮೊದಲ ದುಡ್ಡು ಬ್ರೇಕಿಗೆ, ಸ್ಟಿಯರಿಂಗಿಗೆ ಹೋಗಲಿ. ಮುಂದಿನ ಚಕ್ರ ಜ್ಯಾಕ್ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಸಡಿಲವಾಗಿ ಆಡಿದರೆ ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗುವ ಕೀಲು) ಅಥವಾ ವೀಲ್ ಬೇರಿಂಗ್ ಹೋಗಿದೆ ಅಂತ. ಹಾಗೇ ಬಿಟ್ಟರೆ ಒಂದು ವೇಗಕ್ಕೆ ಬಂದಾಗ ಸ್ಟಿಯರಿಂಗ್ ಗಡಗಡ ನಡುಗಿ ಕೈಗೇ ಸಿಗುವುದಿಲ್ಲ. ಈಗಿನ ಪೆಟ್ರೋಲ್‌ನಲ್ಲಿ ಶೇ. 20 ಎಥನಾಲ್ ಇರುತ್ತದೆ. ಹಳೇ ರಬ್ಬರ್ ಪೈಪ್, ಪಂಪಿನ ಡಯಾಫ್ರಂ ಅದಕ್ಕೆ ತಡೆಯುವುದಿಲ್ಲ. ಎಥನಾಲ್ ನೀರು ಹೀರಿಕೊಳ್ಳುವುದರಿಂದ ನಿಂತ ಗಾಡಿಯ ಟ್ಯಾಂಕೂ ತುಕ್ಕು ಹಿಡಿಯುತ್ತದೆ. ಎಥನಾಲ್ ತಡೆಯುವ ಪೈಪ್ ಹಾಕಿಸಿ, ವಾರಕ್ಕೊಮ್ಮೆಯಾದರೂ ಓಡಿಸಿ. ಒಟ್ಟು ಖರ್ಚು ಕೇಳುವವರಿಗೆ ನನ್ನ ಲೆಕ್ಕ ಇಷ್ಟೇ: ಜೀಪಿಗೆ ಕೊಟ್ಟಷ್ಟೇ ದುಡ್ಡು ರಿಪೇರಿಗೂ ತೆಗೆದಿಡಿ. ಬಣ್ಣ ಹೊಡೆಸುವುದು ಎಲ್ಲಕ್ಕಿಂತ ಕೊನೆಗೆ.

ದೂರದ ಪ್ರಯಾಣ ಸಾಧ್ಯವಾ ಅಂದರೆ, ಖಂಡಿತ ಸಾಧ್ಯ. ಅದರ ವೇಗಕ್ಕೆ ನಾವು ಒಗ್ಗಿಕೊಳ್ಳಬೇಕು ಅಷ್ಟೇ. ಸಿಜೆ3ಬಿಯ ಆಕ್ಸಲ್ ಅನುಪಾತ 5.38, ಟಾಪ್ ಗೇರಿನಲ್ಲಿ ಚಕ್ರ ಒಂದು ಸುತ್ತು ತಿರುಗಲು ಎಂಜಿನ್ 5.38 ಸುತ್ತು ತಿರುಗಬೇಕು. ಅಂದರೆ ಗಂಟೆಗೆ 60 ಕಿ.ಮೀ. ಹೋಗುವಾಗಲೇ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತಿರುತ್ತದೆ. ಹೆದ್ದಾರಿಯಲ್ಲಿ ಎಡಕ್ಕೇ ಇದ್ದುಬಿಡಿ. ಹಾಸನ ದಾಟಿ, ಬೇಲೂರು, ಮೂಡಿಗೆರೆ ಕಡೆ ತಿರುಗಿದ ಮೇಲೆ ಜೀಪಿಗೂ ರಸ್ತೆಗೂ ಹೊಂದಿಕೆಯಾಗುತ್ತದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜು ಇಳಿಯುವ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿಯುವುದು ನನಗೆ ತುಂಬಾ ಇಷ್ಟ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು, ಬರೀ ಬ್ರೇಕ್ ನಂಬಿ ಇಳಿಯಬಾರದು. ಹಳ್ಳ ದಾಟಿ ಬಂದಿದ್ದರೆ ಪೆಡಲ್ ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಹೋಗಿ ಡ್ರಮ್ ಒಣಗಿಸಿಕೊಳ್ಳಿ. ಬೇಸಿಗೆಯಲ್ಲಿ ಏರು ಹತ್ತುವಾಗ ಗಾಡಿ ಮುಗ್ಗರಿಸಿ ನಿಂತರೆ ಗಾಬರಿ ಬೇಡ. ಬಿಸಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಲು ಗಂಟೆ ಕಾಯಿರಿ.

ಕೊಡಚಾದ್ರಿಗೆ ಹೋದಾಗ ಅಲ್ಲಿನ ಬಾಡಿಗೆ ಜೀಪಿನಲ್ಲಿ ಮುಂದಿನ ಸೀಟಲ್ಲಿ ಕೂತು ಡ್ರೈವರಣ್ಣನ ಕಾಲು ನೋಡಿ. ಅಷ್ಟು ಕೆಟ್ಟ ದಾರಿಯಲ್ಲೂ ಆತ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಕೂರುವುದಿಲ್ಲ. ಲೋ ಗೇರ್ ಹಾಕಿ, ಗಾಡಿಯನ್ನು ಅದರ ಪಾಡಿಗೆ ತೆವಳಲು ಬಿಡುತ್ತಾನೆ. ನಾನು ಕಲಿತದ್ದು ಅಂಥವರಿಂದಲೇ.

ಮಾರುವಾಗಲೂ ನನಗೆ ಪೇಪರೇ ಮೊದಲು. ಬಿಚ್ಚಿದ ದಿನದಿಂದ ತೆಗೆದ ಫೋಟೋ, ಬಿಲ್ಲು, ಯಾವ ಭಾಗ ಒರಿಜಿನಲ್, ಯಾವುದು ಬದಲಾಯಿಸಿದ್ದು, ಎಲ್ಲಾ ಒಂದು ಫೈಲಿನಲ್ಲಿಟ್ಟು ಕೊಡುತ್ತೇನೆ. ಎಣ್ಣೆ ಎಲ್ಲಿ ಒಸರುತ್ತದೆ ಅನ್ನುವುದನ್ನೂ ಬಾಯಿಬಿಟ್ಟು ಹೇಳುತ್ತೇನೆ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಆಗಿ ಅರ್ಜಿ ಹೋಗುವ ತನಕ ಬೀಗದ ಕೈ ಕೊಡುವುದಿಲ್ಲ, ತಗೊಳ್ಳುವವರು ಎಷ್ಟೇ ಹತ್ತಿರದವರಾಗಲಿ. ನಾಳೆ ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರನ್ನೇ ಹುಡುಕಿಕೊಂಡು ಬರುತ್ತಾರೆ. ಹೆಸರು ಬದಲಾಗಿ ಹೊಸ ಆರ್‌ಸಿ ಬಂದ ಮೇಲೆ ಅದರ ಒಂದು ಫೋಟೋ ಕಳಿಸಿ ಅಂತ ಕೇಳುತ್ತೇನೆ. ನೀವೂ ಯಾರಿಗಾದರೂ ಮಾರಿದರೆ ಹಾಗೇ ಕೇಳಿ ತರಿಸಿಕೊಳ್ಳಿ.