ನಕಲಿನ ಅನುಮಾನ ಬಂದಾಗ, ವಿದ್ಯಾರ್ಥಿಯನ್ನು ಕರೆಯುವ ಮುನ್ನ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ವಿಭಾಗ ಕಳಿಸಿದ ಒಂದು ಕೇಸ್ ಶಿಸ್ತು ಸಮಿತಿಯ ಮುಂದೆ ನಿಲ್ಲಲಿಲ್ಲ. ಫೈಲಿನಲ್ಲಿ ಇದ್ದದ್ದು, ಬರಹವನ್ನು ಬೇರೆ ಮೂಲಗಳೊಂದಿಗೆ ಹೋಲಿಸುವ ಟರ್ನಿಟಿನ್ ತಂತ್ರಾಂಶದ ವರದಿಯ ಮೊದಲ ಪುಟ ಮಾತ್ರ, ಅದರ ಮೇಲೆ ಕಿತ್ತಳೆ ಬಣ್ಣದ 52%. "ಯಾವ ಸಾಲು, ಎಲ್ಲಿಂದ ಬಂದಿದೆ?" ಎಂದು ಸಮಿತಿಯವರು ಕೇಳಿದರು. ವರದಿ ಪೂರ್ತಿ ತೆರೆದಾಗ ಗೊತ್ತಾಯಿತು: ಆ 52ರಲ್ಲಿ ಬಹುಪಾಲು ಗ್ರಂಥಸೂಚಿ, ಎಲ್ಲರೂ ಹಾಕಲೇಬೇಕಾದ ಮುಖಪುಟ ಮತ್ತು ವಿದ್ಯಾರ್ಥಿ ಹಾಗೇ ಇಳಿಸಿಕೊಂಡಿದ್ದ ಪ್ರಶ್ನೆಗಳು. ಅಷ್ಟು ದಿನ ಆ ಹುಡುಗ ಆರೋಪ ಹೊತ್ತುಕೊಂಡೇ ಓಡಾಡಿದ್ದ. ಇದು ಮತ್ತೆ ಆಗಬಾರದು.

ಟರ್ನಿಟಿನ್ ನಕಲನ್ನು ಹಿಡಿಯುವುದಿಲ್ಲ, ಹೋಲಿಕೆಯನ್ನು ತೋರಿಸುತ್ತದೆ, ಅಷ್ಟೇ. 24%ವರೆಗೆ ಹಸಿರು, 49ರವರೆಗೆ ಹಳದಿ, 74ರವರೆಗೆ ಕಿತ್ತಳೆ, ಅದಕ್ಕೂ ಮೇಲೆ ಕೆಂಪು. ಬಣ್ಣ ನೋಡಿ ತೀರ್ಮಾನಕ್ಕೆ ಬರಬೇಡಿ. ಮೊದಲು ಗ್ರಂಥಸೂಚಿ ಮತ್ತು ಉದ್ಧರಣೆಗಳನ್ನು ಫಿಲ್ಟರ್‌ನಲ್ಲಿ ತೆಗೆಯಿರಿ, ನಾಲ್ಕೈದು ಪದಗಳ ಚಿಲ್ಲರೆ ಹೋಲಿಕೆಗಳನ್ನೂ ತೆಗೆಯಿರಿ, ಆಮೇಲೆ ಉಳಿದದ್ದನ್ನು ಮೂಲದ ಪಕ್ಕದಲ್ಲಿಟ್ಟು ಓದಿ. ಹಸಿರು ಬಣ್ಣದ 12% ಒಂದೇ ಮೂಲದಿಂದ ಎತ್ತಿದ ಇಡೀ ಪ್ಯಾರಾ ಆಗಿದ್ದರೆ ಅದು ಮೇಲಿನ 52%ಗಿಂತ ಗಂಭೀರ.

ಪ್ರೋಗ್ರಾಮಿಂಗ್ ಅಸೈನ್‌ಮೆಂಟ್‌ಗೆ ಮಾಸ್ (ವಿದ್ಯಾರ್ಥಿಗಳ ಕೋಡ್‌ಗಳ ನಡುವಿನ ಹೋಲಿಕೆ ತೋರಿಸುವ ಸಾಧನ) ಬಳಸುವವರು, ನಾವೇ ಎಲ್ಲರಿಗೂ ಮೊದಲೇ ಕೊಟ್ಟ ಸ್ಟಾರ್ಟರ್ ಕೋಡನ್ನು ಬೇಸ್ ಫೈಲ್ ಆಗಿ, ಅಂದರೆ ಹೋಲಿಕೆಯಲ್ಲಿ ಲೆಕ್ಕಕ್ಕೆ ಹಿಡಿಯಬಾರದ ಕೋಡ್ ಆಗಿ, ಸೇರಿಸಬೇಕು. ಸೇರಿಸದಿದ್ದರೆ ಆ ಸ್ಟಾರ್ಟರ್ ಕೋಡೇ ಹೋಲಿಕೆಯಾಗಿ ಪಟ್ಟಿಯ ಮೇಲೆ ಬಂದು ಕೂರಬಹುದು. ಅಲ್ಲಿಂದ ಮುಂದೆ ನೋಡಬೇಕಾದದ್ದು ಸರಿ ಇರುವ ಸಾಲುಗಳನ್ನಲ್ಲ, ತಪ್ಪಿರುವ ಸಾಲುಗಳನ್ನು. ಸರಿಯಾದ ಉತ್ತರ ಹತ್ತು ಜನರಲ್ಲೂ ಒಂದೇ ಥರ ಇರಬಹುದು. ಆದರೆ ಇಬ್ಬರ ಕೋಡಿನಲ್ಲೂ ಖಾಲಿ ಪಟ್ಟಿಗೆ ಸೊನ್ನೆ ಬರಬೇಕಾದಲ್ಲಿ -1 ಬರುತ್ತಿದ್ದರೆ, 'ಲೆಂಗ್ತ್' ಎಂಬ ವೇರಿಯಬಲ್ ಹೆಸರಿನ ಕೊನೆಯ ಎರಡು ಇಂಗ್ಲಿಷ್ ಅಕ್ಷರಗಳು ಇಬ್ಬರಲ್ಲೂ ಅದಲುಬದಲಾಗಿದ್ದರೆ, ಎಲ್ಲೂ ಬಳಸದ ಒಂದು ಫಂಕ್ಷನ್ ಇಬ್ಬರಲ್ಲೂ ಉಳಿದಿದ್ದರೆ, ಆ ಮೂರೂ ಸೇರಿ ತೂಕದ ಪುರಾವೆ. ಒಂದು ಎಚ್ಚರ: ಅದೇ ತಪ್ಪು ನಿಮ್ಮ ಸ್ಲೈಡಿನಲ್ಲೋ ಲ್ಯಾಬ್ ಸಹಾಯಕರು ಬರೆದುಕೊಟ್ಟ ಉದಾಹರಣೆಯಲ್ಲೋ ಇದೆಯಾ ನೋಡಿ. ಇದ್ದರೆ ಆ ಪುರಾವೆಯನ್ನು ಕೈಬಿಡಿ.

ಎಐ ಬರಹದ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ತಾನೇ ತಯಾರಿಸಿದ್ದ ಪತ್ತೆ ಸಾಧನ ಎಐ ಬರಹದಲ್ಲಿ 26%ರಷ್ಟನ್ನು ಮಾತ್ರ ಗುರುತಿಸುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ 9%ರಷ್ಟನ್ನು ಎಐ ಎನ್ನುತ್ತಿತ್ತು. ನಿಖರತೆ ಸಾಲದು ಎಂದು ಕಂಪನಿ 2023ರ ಜುಲೈನಲ್ಲಿ ಅದನ್ನು ಹಿಂತೆಗೆದುಕೊಂಡಿತು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳನ್ನು ಇಂಥ ಸಾಧನಗಳು ಸರಾಸರಿ ಅರ್ಧಕ್ಕಿಂತ ಹೆಚ್ಚು ಸಲ ಎಐ ಎಂದು ಗುರುತಿಸಿದ್ದನ್ನು ಸ್ಟ್ಯಾನ್‌ಫೋರ್ಡ್ ಸಂಶೋಧಕರು ಅದೇ ವರ್ಷ ತೋರಿಸಿದರು. ಹಾಗಾಗಿ ಡಿಟೆಕ್ಟರ್ ಅಂಕಿ ಹಿಡಿದು ಯಾರನ್ನೂ ಕರೆಯಬೇಡಿ. ಗ್ರಂಥಸೂಚಿಯ ಡಿಒಐಗಳನ್ನು (ಪ್ರತಿ ಸಂಶೋಧನಾ ಲೇಖನಕ್ಕೆ ಕೊಡುವ ಕಾಯಂ ಆನ್‌ಲೈನ್ ಗುರುತು) ಒಂದೊಂದಾಗಿ ತೆರೆದು ನೋಡಿ. ತೆರೆದುಕೊಳ್ಳದ ಡಿಒಐ, ಆ ಪತ್ರಿಕೆಯ ಆ ಸಂಚಿಕೆಯಲ್ಲಿ ಇಲ್ಲವೇ ಇಲ್ಲದ ಲೇಖನ, ಇವು ಕಣ್ಣಿಗೆ ಕಾಣುವ ಪುರಾವೆ. ಡಾಕ್ಯುಮೆಂಟಿನ ವರ್ಷನ್ ಹಿಸ್ಟರಿಯನ್ನೂ, ಅಂದರೆ ಅದು ಹಂತ ಹಂತವಾಗಿ ಹೇಗೆ ಬದಲಾಯಿತು ಎಂಬ ದಾಖಲೆಯನ್ನೂ, ಕೇಳಿ. ನಿಜವಾಗಿ ಬರೆದವರಿಗೆ ಅದೇ ದೊಡ್ಡ ರಕ್ಷಣೆ.

ಕರೆಯುವಾಗ ಲಿಖಿತವಾಗಿ ಕರೆಯಿರಿ: ಯಾವ ಅಸೈನ್‌ಮೆಂಟ್, ಯಾವ ನಿಯಮ, ಯಾವ ಭಾಗ. ಕೋಣೆಯಲ್ಲಿ ಇನ್ನೊಬ್ಬ ಅಧ್ಯಾಪಕರು ಇರಲಿ, ಅವರು ಟಿಪ್ಪಣಿ ಬರೆದುಕೊಳ್ಳಲಿ. ಇಬ್ಬರು ವಿದ್ಯಾರ್ಥಿಗಳಿದ್ದರೆ ಬೇರೆ ಬೇರೆಯಾಗಿ, ಒಬ್ಬರ ಹಿಂದೆ ಒಬ್ಬರನ್ನು, ಮಧ್ಯೆ ಮಾತಾಡಿಕೊಳ್ಳಲು ಬಿಡುವಿಲ್ಲದಂತೆ. "ಕಾಪಿ ಹೊಡೆದಿದ್ದೀಯಾ?" ಎಂದು ಶುರುಮಾಡಿದರೆ "ಇಲ್ಲ ಸರ್" ಎಂಬಲ್ಲಿಗೆ ಮಾತು ನಿಂತಿತು. "ಈ ಫಂಕ್ಷನ್ ಏನು ಮಾಡುತ್ತೆ ಹೇಳು, ಇದನ್ನೇ ಇಳಿಕೆ ಕ್ರಮಕ್ಕೆ ಬದಲಾಯಿಸು ನೋಡೋಣ" ಎನ್ನಿ, ಆಮೇಲೆ ಸುಮ್ಮನಿರಿ. ಆ ಎರಡು ಮೂರು ನಿಮಿಷದ ಮೌನ ತುಂಬ ಹಿಂಸೆ ಎನಿಸುತ್ತದೆ, ಬಾಯಿ ಹಾಕಿ ಸುಳಿವು ಕೊಡಬೇಕು ಅನ್ನಿಸುತ್ತದೆ. ಕೊಡಬೇಡಿ. ಹೆದರಿಕೆಯಿಂದಲೂ ಮಾತು ನಿಲ್ಲುತ್ತದೆ, ಆದ್ದರಿಂದ ನೀರು ಕೊಟ್ಟು ಇನ್ನೊಂದು ಸುಲಭದ ಭಾಗ ಕೇಳಿ. "ಒಪ್ಪಿಕೊಂಡರೆ ಬಿಟ್ಟುಬಿಡ್ತೀನಿ" ಎಂಬ ಮಾತಂತೂ ಬೇಡವೇ ಬೇಡ. ಆ ಅಧಿಕಾರ ನಿಮಗಿಲ್ಲ, ಮತ್ತು ಹೆದರಿದವರು ಮಾಡದ್ದನ್ನೂ ಒಪ್ಪಿಕೊಳ್ಳುತ್ತಾರೆ.

ಎಷ್ಟೋ ಪ್ರಕರಣಗಳು ಹುಟ್ಟುವುದೇ ನಮ್ಮ ಸಿಲಬಸ್ ಹಾಳೆಯ ಒಂದು ಸಾಲಿನಿಂದ: "ಚರ್ಚಿಸಬಹುದು, ನಕಲು ಮಾಡುವಂತಿಲ್ಲ." ಇದರಿಂದ ವಿದ್ಯಾರ್ಥಿಗೆ ಏನೂ ತಿಳಿಯುವುದಿಲ್ಲ. ಬೋರ್ಡಿನ ಮೇಲೆ ಉಪಾಯ ಚರ್ಚಿಸಬಹುದು, ಇನ್ನೊಬ್ಬರ ಸ್ಕ್ರೀನ್ ನೋಡುತ್ತ ಟೈಪ್ ಮಾಡುವಂತಿಲ್ಲ, ಫೈಲ್ ಕಳಿಸುವಂತಿಲ್ಲ, ಎಐ ಅನ್ನು ವ್ಯಾಕರಣ ತಿದ್ದಲು ಬಳಸಬಹುದು ಆದರೆ ಹಾಗೆಂದು ಬರೆಯಬೇಕು ಎಂದು ಪ್ರತಿ ಅಸೈನ್‌ಮೆಂಟಿನ ಮೇಲೂ ಬಿಡಿಸಿ ಬರೆಯಿರಿ. "ಸುಮ್ಮನೆ ನೋಡಿಕೊಳ್ಳೋಕೆ ಕೊಟ್ಟೆ" ಎನ್ನುವವರಿಗೆ ಕೊಟ್ಟದ್ದೂ ತಪ್ಪು ಎಂಬುದು ಮೊದಲೇ ತಿಳಿದಿರಬೇಕು.

ಆಡಳಿತದವರ ದೂರು ಫಾರ್ಮಿನಲ್ಲಿ ಇಂದಿಗೂ "ಹೋಲಿಕೆಯ ಶೇಕಡಾವಾರು" ಎಂಬ ಕಾಲಂ ಇದೆ, ಸಾಲುಗಳನ್ನು ಅಕ್ಕಪಕ್ಕ ತೋರಿಸಲು ಜಾಗವಿಲ್ಲ. ಅದು ಬದಲಾಗುವವರೆಗೆ ಎರಡು ಕಾಲಂಗಳ ಹಾಳೆಯನ್ನು ನೀವೇ ಮಾಡಿ ಲಗತ್ತಿಸಿ, ತೀರ್ಮಾನ ಬರುವತನಕ ಅಂಕಗಳನ್ನು ಸೊನ್ನೆ ಎಂದು ಹಾಕದೆ 'ಬಾಕಿ' ಎಂದೇ ಇಡಿ.